ಪುಷ್ಯ ಮಳೆಯಲ್ಲಿ ಕೆಂಪು ಗೇಟು

ಮೊದಲ ದಿನ: ಶುಕ್ರವಾರ, ಜುಲೈ 26, 2024

ಆಷಾಢದಲ್ಲಿ ಮದುವೆ, ಗೃಹಪ್ರವೇಶ ಏನೂ ಇರುವುದಿಲ್ಲ. ಆಫೀಸಿನಲ್ಲಿ ರಜೆ ಕೇಳಿದರೆ ಸಿಗುತ್ತದೆ, ನೆಂಟರೂ ಮನೆಯಲ್ಲೇ ಇರುತ್ತಾರೆ. ತೀರ್ಥಹಳ್ಳಿ ಹತ್ತಿರದ ಚಿಕ್ಕಮ್ಮನ ಮನೆಗೆ ಹೋಗಲು ಇದೇ ಸರಿಯಾದ ಕಾಲ ಅಂತ ನನ್ನ ಲೆಕ್ಕ. "ಪುಷ್ಯ ಮಳೆ ಈ ಪಾಟಿ ಹೊಡೀತಿದೆ, ಈಗ ಹೋಗ್ತೀಯಾ?" ಅಂದರು ನಮ್ಮ ಯಜಮಾನರು. ಮಳೆ ಇದೆ ಅಂತಲೇ ಹೊರಟಿದ್ದು.

ಕಾರಣ ಎರಡಿತ್ತು. ಹನ್ನೆರಡು ವರ್ಷದ ಮಗಳು ಪುಟ್ಟಿಗೆ ಭದ್ರಾ ಹೊಳೆಯಲ್ಲಿ ರಾಫ್ಟಿಂಗ್ ಮಾಡಬೇಕು. ನನಗೆ ಭಾನುವಾರ ರಾತ್ರಿ ಪ್ಯಾರಿಸ್ ಒಲಿಂಪಿಕ್ಸ್‌ನ ಹೆಂಗಸರ ಕಯಾಕ್ ಸ್ಲಾಲಮ್ ಫೈನಲ್ ನೋಡಬೇಕು. ರಭಸದ ನೀರಿನಲ್ಲಿ, ನೇತುಹಾಕಿದ ಕೋಲುಗಳ ನಡುವೆ ಪುಟ್ಟ ದೋಣಿ ನುಸುಳಿಸಿಕೊಂಡು ಹೋಗುವ ಓಟ ಅದು, ಕೋಲು ಮುಟ್ಟಿದರೆ ದಂಡ. ಮನೆಯಲ್ಲಿದ್ದರೆ ಆ ಹೊತ್ತಿಗೆ ಸರಿಯಾಗಿ ಯಾರಾದರೂ ಚಪಾತಿ ಕೇಳುತ್ತಾರೆ.

ಈ ಹುಚ್ಚು ಹತ್ತಿದ್ದು 2021ರಲ್ಲಿ. ಕೊರೊನಾ ಕಾಲ, ಸುಮ್ನೆ ಟಿವಿ ಮುಂದೆ ಕೂತಿದ್ದೆ. ಟೋಕಿಯೋದಲ್ಲಿ ಆಸ್ಟ್ರೇಲಿಯಾದ ಜೆಸ್ಸಿಕಾ ಫಾಕ್ಸ್ ಅನ್ನುವ ಹುಡುಗಿ ಮೀನಿನ ಹಾಗೆ ನೀರು ಸೀಳಿಕೊಂಡು ಇಳಿದು ಬಂದಳು. ದಾರಿಯಲ್ಲಿ ಎರಡು ಕೋಲು ಮುಟ್ಟಿದಳು. ಒಂದಕ್ಕೆ ಎರಡು ಸೆಕೆಂಡಿನಂತೆ ನಾಲ್ಕು ಸೆಕೆಂಡ್ ದಂಡ. ಕೊನೆಗೆ ಅವಳ ಸಮಯ 106.73. ಜರ್ಮನಿಯ ರಿಕಾರ್ಡಾ ಫಂಕ್ 105.50ಕ್ಕೆ ಚಿನ್ನ ತೆಗೆದುಕೊಂಡಳು. ಕಳೆಯುವ ಲೆಕ್ಕ ಯಾರಿಗೆ ಬರುವುದಿಲ್ಲ ಹೇಳಿ? ಆ ಎರಡು ಕೋಲು ಮುಟ್ಟದಿದ್ದರೆ ಚಿನ್ನ ಅವಳದ್ದೇ. ಅವಳಿಗೆ ಸಿಕ್ಕಿದ್ದು ಕಂಚು. ನನಗೆ ಆ ರಾತ್ರಿ ಊಟ ಸೇರಲಿಲ್ಲ. ಎರಡು ದಿನ ಬಿಟ್ಟು ಇನ್ನೊಂದು ಬಗೆಯ ದೋಣಿಯಲ್ಲಿ ಅವಳು ಚಿನ್ನ ಗೆದ್ದಳು ಅನ್ನುವುದು ಬೇರೆ ಮಾತು. ಮನಸ್ಸು ಮಾತ್ರ ಆ ನಾಲ್ಕು ಸೆಕೆಂಡಿನಲ್ಲೇ ಕೂತುಬಿಟ್ಟಿತು.

ಬೆಳಿಗ್ಗೆ ಶಿವಮೊಗ್ಗದಲ್ಲಿ ಹೊಳೆ ಹತ್ತಿರ ಜನವೋ ಜನ. ನಮ್ಮೂರಲ್ಲಿ ತುಂಗೆ ಎಷ್ಟು ಬಂದಿದೆ ಅಂತ ಮೀಟರಿನಲ್ಲಿ ಯಾರೂ ಕೇಳುವುದಿಲ್ಲ. "ಕೋರ್ಪಲಯ್ಯನ ಮಂಟಪ ಮುಳುಗಿತಾ?" ಅಂತ ಕೇಳುತ್ತಾರೆ, ಅಷ್ಟೇ. ನಾವು ನೋಡಿದಾಗ ಮಂಟಪ ಕಂಡೂ ಕಾಣದ ಹಾಗಿತ್ತು.

ಬಸ್ಸು ಗಾಜನೂರು, ಸಕ್ರೆಬೈಲು ದಾಟಿ ಮಂಡಗದ್ದೆಗೆ ಬಂದಾಗ ಪುಟ್ಟಿ ಕಿಟಕಿ ಒರೆಸಿ ಕೂಗಿದಳು. ಹೊಳೆ ನಡುವೆ ಮರಗಳು ಸೊಂಟದ ತನಕ ನೀರಲ್ಲಿ ನಿಂತಿದ್ದವು. ಕೊಂಬೆ ತುಂಬಾ ಬೆಳ್ಳಕ್ಕಿ. ನಾನು ನೋಡಿದ್ದು ಹಕ್ಕಿಯನ್ನಲ್ಲ, ಮರದ ಹಿಂದಿನ ನೀರನ್ನು. ಸುತ್ತ ಹೊಳೆ ಹುಚ್ಚೆದ್ದು ಓಡುತ್ತಿದೆ. ಬುಡದ ಹಿಂದೆ ಮಾತ್ರ ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ನೀರು ಸದ್ದಿಲ್ಲದೆ ತಿರುಗುತ್ತಿದೆ. ಕಸ ಕಡ್ಡಿ ಮೇಲ್ಮುಖವಾಗಿ ತೇಲುತ್ತಿದೆ. ಸ್ಲಾಲಮ್‌ನಲ್ಲಿ ನೀರಿಗೆ ಎದುರಾಗಿ ದಾಟಬೇಕಾದ ಜೋಡಿ ಕೋಲೇ ಕೆಂಪು ಗೇಟು. ಅಲ್ಲಿ ಅಂಥದ್ದೊಂದು ನೇತುಹಾಕಬಹುದು ಅಂತ ಮನಸ್ಸಿನಲ್ಲೇ ಗುರುತು ಹಾಕಿಕೊಂಡೆ. ನಾಲ್ಕು ದಿನವೂ ಇದೇ ಆಟ ಆಯಿತು ನನಗೆ.

ರಾತ್ರಿ ಹನ್ನೊಂದಕ್ಕೆ ಒಲಿಂಪಿಕ್ಸ್ ಉದ್ಘಾಟನೆ. ಕ್ರೀಡಾಂಗಣ ಬಿಟ್ಟು ಸೀನ್ ನದಿಯಲ್ಲೇ ಮಾಡಿದರು. ದೇಶ ದೇಶದವರು ದೋಣಿಯಲ್ಲಿ ಬಂದರು, ಅಲ್ಲೂ ಜಡಿಮಳೆ. ಚಿಕ್ಕಮ್ಮ ಕಂಬಳಿ ಹೊದ್ದು ನನ್ನ ಫೋನಿಗೆ ಇಣುಕಿದರು. "ಅಲ್ಲೂ ಪುಷ್ಯ ಮಳೆಯೇನೇ?" ಆಸ್ಟ್ರೇಲಿಯಾದ ಬಾವುಟ ಹಿಡಿದಿದ್ದ ಇಬ್ಬರಲ್ಲಿ ಒಬ್ಬಳು ಜೆಸ್ಸಿಕಾ. "ಇವಳೇ ನೋಡಿ ಚಿಕ್ಕಮ್ಮ" ಅಂದೆ. "ತಲೆ ಒರೆಸ್ಕೊಳ್ಳೋಕೆ ಹೇಳು. ಶೀತ ಆಗ್ತದೆ" ಅಂದು ಮಲಗಲು ಹೋದರು.

ಎರಡನೇ ದಿನ: ಶನಿವಾರ

ಮಳೆ ಬಿಡಲಿಲ್ಲ. ಚಿಕ್ಕಪ್ಪನಿಗೆ ಅಡಿಕೆಗೆ ಕೊಳೆ ಔಷಧಿ ಹೊಡೆಸಬೇಕಿತ್ತು. ಮೈಲುತುತ್ತ ತಂದಿಟ್ಟು ವಾರವಾಗಿದೆ, ಒಂದು ಹೊಳವು ಸಿಕ್ಕಿಲ್ಲ. ಕೈಕಟ್ಟಿ ಜಗುಲಿಯಲ್ಲಿ ಕೂತು ಆಕಾಶಕ್ಕೆ ಬೈಯುತ್ತಿದ್ದರು. ಕೇಳಲು ಪುರುಸೊತ್ತಿರುವ ಮನುಷ್ಯ ಸಿಕ್ಕಿದ್ದೇ ಸಿಕ್ಕಿದ್ದು, ನಾನು ಸ್ಲಾಲಮ್ ಪಾಠ ಶುರು ಮಾಡಿದೆ.

ಮೇಲಿಂದ ತಂತಿ ಕಟ್ಟಿ ಎರಡೆರಡು ಕೋಲು ನೇತುಹಾಕುತ್ತಾರೆ. ಅದೇ ಗೇಟು. ಹದಿನೆಂಟರಿಂದ ಇಪ್ಪತ್ತೈದು ಗೇಟು ಇರುತ್ತವೆ. ಹಸಿರು ಬಿಳಿ ಪಟ್ಟಿಯ ಗೇಟನ್ನು ನೀರಿನ ಜೊತೆ ಕೆಳಗೆ ಇಳಿಯುತ್ತಾ ದಾಟಬೇಕು. ಕೆಂಪು ಬಿಳಿ ಪಟ್ಟಿಯದ್ದಾದರೆ ಕೆಳಗಿಂದ ಮೇಲಕ್ಕೆ, ನೀರಿಗೆ ಎದುರಾಗಿ ದಾಟಬೇಕು. ಕೋಲು ಮೈಗೆ, ಹುಟ್ಟಿಗೆ, ದೋಣಿಗೆ ಎಲ್ಲಿ ತಾಗಿದರೂ ಎರಡು ಸೆಕೆಂಡ್. ಗೇಟೇ ತಪ್ಪಿದರೆ ಐವತ್ತು ಸೆಕೆಂಡ್. ಇಡೀ ಓಟ ಮುಗಿಯುವುದೇ ನೂರು ಸೆಕೆಂಡ್ ಆಸುಪಾಸಿನಲ್ಲಿ. ಐವತ್ತು ಬಿತ್ತು ಅಂದರೆ ಮನೆಗೆ ಹೋದಹಾಗೆ. ಕಯಾಕ್ ಅಂದರೆ ಕಾಲು ಚಾಚಿ ಕೂತು, ಎರಡೂ ತುದಿಗೆ ಅಲಗಿರುವ ಹುಟ್ಟು ಹಾಕುವುದು. ಮಂಡಿಯೂರಿ ಒಂದೇ ಅಲಗಿನ ಹುಟ್ಟು ಹಾಕಿದರೆ ಅದು ಕನೂ. 1972ರಲ್ಲಿ ಮ್ಯೂನಿಕ್ ಒಲಿಂಪಿಕ್ಸ್‌ಗೆ ಈ ಆಟ ಮೊದಲು ಬಂದಾಗ ಗಂಡಸರಿಗೆ ಮೂರು ಪಂದ್ಯ, ಹೆಂಗಸರಿಗೆ ಕಯಾಕ್ ಒಂದೇ. ಪೂರ್ವ ಜರ್ಮನಿಯ ಆಂಜೆಲಿಕಾ ಬಾಹ್ಮನ್ ಗೆದ್ದಳು. ಆಮೇಲೆ ಇಪ್ಪತ್ತು ವರ್ಷ ಈ ಆಟವನ್ನೇ ಕೈಬಿಟ್ಟಿದ್ದರು. 1992ರಲ್ಲಿ ವಾಪಸ್ ತಂದರು. ಹೆಂಗಸರಿಗೆ ಕನೂ ಸಿಕ್ಕಿದ್ದಂತೂ ಟೋಕಿಯೋದಲ್ಲಿ. ಮಂಡಿಯೂರುವುದು ಹೆಂಗಸರಿಗೆ ಹೊಸದಾ? ಅದಕ್ಕೆ ಅಷ್ಟು ವರ್ಷ ಬೇಕಾಯಿತು ನೋಡಿ.

ಚಿಕ್ಕಪ್ಪ ಇಷ್ಟನ್ನೂ ಕವಳ ಅಗಿಯುತ್ತಾ ಕೇಳಿದರು. ಉಗಿದು ಬಂದು ಒಂದೇ ಪ್ರಶ್ನೆ ಹಾಕಿದರು. "ಆ ಕೆಂಪು ಗೇಟು ಬಂಡೆ ಹಿಂದೆ ಇರ್ತದೋ, ಹೊಳೆ ನಡುವೆಯೋ?"

ನಾನು ಬೆಪ್ಪಾದೆ. ಮೂರು ವರ್ಷ ನೋಡಿಯೂ ಇದನ್ನು ಯೋಚಿಸಿದ್ದು ನಿನ್ನೆ ಮಂಡಗದ್ದೆಯಲ್ಲಿ. ಇವರು ಒಂದು ಓಟವನ್ನೂ ನೋಡದೆ ಸೀದಾ ಅಲ್ಲಿಗೇ ಬಂದರು. "ಹೆಚ್ಚಾಗಿ ಬಂಡೆ ಹಿಂದೆ, ಇಲ್ಲ ದಡದ ಮಗ್ಗುಲಲ್ಲಿ" ಅಂದೆ.

"ಹಂಗಾದ್ರೆ ಸರಿ. ಇಲ್ದಿದ್ರೆ ಮನುಷ್ಯರ ಕೈಯಲ್ಲಿ ಆಗೋದಲ್ಲ."

ಆಮೇಲೆ ಹಳೆಯ ಕಡವಿನ ಕಥೆ ಬಿಚ್ಚಿದರು. ಅವರು ಹುಡುಗರಾಗಿದ್ದಾಗ ಆಚೆ ದಡಕ್ಕೆ ಸೇತುವೆ ಇರಲಿಲ್ಲ, ಶಾಲೆಗೆ ಹೋಗಬೇಕಾದರೂ ದೋಣಿ. ಮಳೆಗಾಲದಲ್ಲಿ ಅಂಬಿಗ ದೋಣಿಯನ್ನು ಯಾವತ್ತೂ ನೇರ ಬಿಡುತ್ತಿರಲಿಲ್ಲವಂತೆ. "ದಡದ ಬುಡದಲ್ಲಿ ನೀರು ವಾಪಸ್ ಮೇಲಕ್ಕೆ ಹೋಗ್ತಿರ್ತದೆ ಕಣೆ. ಅದರ ಬೆನ್ನು ಹತ್ತಿ ಒಂದು ಫರ್ಲಾಂಗ್ ಮೇಲೆ ಹೋಗೋದು. ಅಲ್ಲಿಂದ ಮೂತಿ ತಿರುಗಿಸಿ ಸೆಳವಿಗೆ ಕೊಡೋದು. ಹೊಳೆ ತಾನೇ ಆಚೆ ದಾಟಿಸ್ತದೆ. ಅಂವ ಹುಟ್ಟು ಹಾಕಿದ್ದಕ್ಕಿಂತ ಸುಮ್ನೆ ಹಿಡ್ಕಂಡು ಕೂತಿದ್ದೇ ಜಾಸ್ತಿ."

ಮಧ್ಯಾಹ್ನ ಮಳೆ ಸಣ್ಣಗಾದಾಗ ಮೂವರೂ ತೀರ್ಥಹಳ್ಳಿ ಪೇಟೆಗೆ ಹೋಗಿ ಸೇತುವೆ ಮೇಲೆ ನಿಂತೆವು. ಕೆಳಗೆ ತುಂಗೆ ಚಹಾದ ಬಣ್ಣಕ್ಕೆ ತಿರುಗಿದ್ದಳು. ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಜನ ಸ್ನಾನ ಮಾಡುವ ಬಂಡೆಗಳೆಲ್ಲ ನೀರಿನಡಿಗೆ ಹೋಗಿದ್ದವು. ಬಂಡೆ ಕಾಣುವುದಿಲ್ಲ, ಆದರೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ನೀರು ಅಲ್ಲಿ ಉಬ್ಬಿ, ಹಿಂದೆ ಗುಳಿ ಬಿದ್ದು, ನೊರೆ ಕಾರುತ್ತದೆ. ಚಿಕ್ಕಪ್ಪ ಕೊಡೆಯ ತುದಿಯಿಂದ ಒಂದೊಂದೇ ತೋರಿಸಿದರು. "ಇಲ್ಲಿ ನಿಲ್ಲಬಹುದು. ಇಲ್ಲಿ ಮಡು, ಒಳಗೆ ಎಳೀತದೆ, ಬೇಡ. ಅಲ್ಲಿ ಹೋದ್ರೆ ದೋಣಿ ಮಗುಚ್ತದೆ."

"ತಾತ, ನಿಂಗೆ ಈಜು ಬರುತ್ತಾ?" ಪುಟ್ಟಿ ಕೇಳಿದಳು.

"ಬರದೆ ಏನು? ಹೊಳೆ ದಂಡೇಲಿ ಹುಟ್ಟಿದವನು."

ನಾನೂ ಹೊಳೆ ದಂಡೆಯಲ್ಲೇ ಹುಟ್ಟಿದವಳು. ನನಗೆ ಬರುವುದಿಲ್ಲ. ಅಣ್ಣಂದಿರಿಬ್ಬರು ಬೇಸಿಗೆ ಪೂರ್ತಿ ತುಂಗೆಯಲ್ಲಿ ಬಿದ್ದಿರುತ್ತಿದ್ದರು. ಸೊಂಟಕ್ಕೆ ತೆಂಗಿನಕಾಯಿ ಕಟ್ಟಿ ಕಲಿತರು, ಎಮ್ಮೆ ಬಾಲ ಹಿಡಿದು ಕಲಿತರು. ನಾನು ದಡದಲ್ಲಿ ಅವರ ಟವೆಲ್ ಹಿಡಿದು ನಿಲ್ಲುತ್ತಿದ್ದೆ. ಯಾರೂ ಬೇಡ ಅಂತ ಗದರಲಿಲ್ಲ. ನನ್ನನ್ನು ಕರೆಯಬೇಕು ಅಂತ ಯಾರಿಗೂ ಹೊಳೆಯಲೇ ಇಲ್ಲ. ಈಗ ಕೇಳಿದರೆ ಅಣ್ಣ ನಗುತ್ತಾನೆ. "ನೀನು ಕೇಳಲೇ ಇಲ್ವಲ್ಲ ಮಾರಾಯ್ತಿ."

ಸಂಜೆ ಹೀಟ್ಸ್, ಅಂದರೆ ಮೊದಲ ಸುತ್ತು. ಪ್ರತಿಯೊಬ್ಬರೂ ಎರಡು ಸಲ ಇಳಿದರು, ಚೆನ್ನಾಗಿ ಬಂದದ್ದು ಲೆಕ್ಕಕ್ಕೆ. ಭಾರತದವರು ಯಾರೂ ಇರಲಿಲ್ಲ. ಮಧ್ಯದಲ್ಲಿ ಕರೆಂಟ್ ಹೋಯಿತು, ಸ್ವಲ್ಪ ಹೊತ್ತಿಗೆ ನೆಟ್‌ವರ್ಕೂ ಹೋಯಿತು. ಚಿಕ್ಕಮ್ಮ ಮಾಡಿದ ಪತ್ರೊಡೆ ಮಾತ್ರ ಎಲ್ಲಿಗೂ ಹೋಗಲಿಲ್ಲ. ಆರು ತಿಂದೆ.

ಮೂರನೇ ದಿನ: ಭಾನುವಾರ

ಬೆಳಿಗ್ಗೆ ಏಳಕ್ಕೇ ಹೊರಟೆವು. ಕೊಪ್ಪ ದಾಟಿ ಬಾಳೆಹೊನ್ನೂರು. ತುಂಗೆ ಭದ್ರೆ ಇಬ್ಬರೂ ಗಂಗಾಮೂಲದಲ್ಲೇ ಹುಟ್ಟಿದವರು. ಒಬ್ಬಳು ಶೃಂಗೇರಿ ಕಡೆ ಹೋದಳು, ಇನ್ನೊಬ್ಬಳು ಕಳಸದ ಕಡೆ. ಮತ್ತೆ ಸೇರುವುದು ನಮ್ಮ ಶಿವಮೊಗ್ಗದ ಪಕ್ಕದ ಕೂಡ್ಲಿಯಲ್ಲಿ. ನಡುವಿನ ಗುಡ್ಡ, ಕಾಫಿ ತೋಟ, ತಿರುವುಗಳಲ್ಲಿ ಪುಟ್ಟಿ ಎರಡು ಸಲ ವಾಂತಿ ಮಾಡಿಕೊಂಡಳು. ಮತ್ತೇನೂ ಹೇಳುವಂಥದ್ದು ಆಗಲಿಲ್ಲ.

ರಾಫ್ಟಿಂಗ್ ಬಂದ್. ನೀರು ಮಿತಿ ಮೀರಿದೆ, ಇವತ್ತು ಬಿಡುವುದಿಲ್ಲ ಅಂದರು. ಮುಂಗಡ ದುಡ್ಡು ಕಟ್ಟಿದ್ದೆ. ಹೊರಡುವ ಮೊದಲು ಒಂದು ಫೋನ್ ಮಾಡಿ ಹೇಳಬಹುದಿತ್ತಲ್ವಾ? ಕೇಳಿದರೆ "ದುಡ್ಡು ವಾಪಸ್ ಬರುತ್ತೆ ಮೇಡಂ" ಅಂತ ಒಂದೇ ಪಲ್ಲವಿ. ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ. ಆದರೆ ಬಿಡದಿದ್ದದ್ದು ಸರಿ. ದಡದಲ್ಲಿ ನಿಂತು ನೋಡಿದವರು ಯಾರೂ ಜಗಳ ಮಾಡುವುದಿಲ್ಲ. ಇಡೀ ಮರವೊಂದು ಬೇರು ಮೇಲಾಗಿ ನಮ್ಮೆದುರೇ ತೇಲಿ ಹೋಯಿತು.

ಪುಟ್ಟಿ ಮುಖ ಊದಿಸಿಕೊಂಡಳು. ಅದನ್ನು ನೋಡಿ ರಾಫ್ಟ್ ನಡೆಸುವ ಹುಡುಗನೊಬ್ಬ ಶೆಡ್ಡಿಗೆ ಕರೆದುಕೊಂಡು ಹೋದ. ಅಲ್ಲಿ ಮಗುಚಿಟ್ಟ ರಾಫ್ಟುಗಳ ಪಕ್ಕ ಒಂದು ಹಳದಿ ಪ್ಲಾಸ್ಟಿಕ್ ಕಯಾಕ್ ಇತ್ತು. ರಾಫ್ಟಿನಿಂದ ಬಿದ್ದವರನ್ನು ಹಿಡಿದು ತರಲು ಜೊತೆಗೆ ಒಬ್ಬರು ಅದರಲ್ಲಿ ಬರುತ್ತಾರಂತೆ. ಪುಟ್ಟಿಯನ್ನು ಅದರೊಳಗೆ ಕೂರಿಸಿದ, ನೆಲದ ಮೇಲೆಯೇ. ಮಂಡಿಯನ್ನು ಒಳಗಿನ ಅಂಚಿಗೆ ಒತ್ತಿ ಹಿಡಿಯಬೇಕು, ಸೊಂಟ ವಾಲಿಸಿದರೆ ದೋಣಿ ವಾಲಬೇಕು. "ಇದನ್ನು ಹತ್ತುವುದಲ್ಲ, ಪ್ಯಾಂಟಿನ ಹಾಗೆ ಹಾಕಿಕೊಳ್ಳುವುದು" ಅಂದ. ಚೆನ್ನಾಗಿ ಹೇಳಿದ ಅನ್ನಿಸಿತು.

ಒಲಿಂಪಿಕ್ಸ್‌ನವರದ್ದೂ ಇದೇ ಥರದ್ದಾ ಅಂತ ಕೇಳಿದೆ. ನಕ್ಕ. "ಅಯ್ಯೋ ಅಕ್ಕ, ಅದು ಕಾರ್ಬನ್ ಫೈಬರ್. ಒಂದು ಕೈಯಲ್ಲಿ ಎತ್ತಬಹುದು. ನಮ್ಮ ಹೊಳೆಗೆ ತಂದರೆ ಮೊದಲನೇ ಬಂಡೆಗೇ ಚೂರು." ನಿಜ. ಅವರದ್ದು ಮೂರೂವರೆ ಮೀಟರ್ ಉದ್ದ, ತೂಕ ಎಂಟೊಂಬತ್ತು ಕಿಲೋ ಅಷ್ಟೇ. ಟೋಕಿಯೋದಲ್ಲಿ ಜೆಸ್ಸಿಕಾಳ ದೋಣಿಯ ಮೂತಿ ಜಖಂ ಆದಾಗ ಮೆತ್ತಿದ ಕಾರ್ಬನ್ ನುಣುಪಾಗಿ ಕೂರಲಿ ಅಂತ ಅದರ ಮೇಲೆ ಕಾಂಡೋಮ್ ಎಳೆದು ಹಾಕಿದ್ದರು. ಆ ವಿಡಿಯೋ ಲೋಕವೆಲ್ಲ ಸುತ್ತಿತು. ಹುಡುಗನಿಗೆ ಹೇಳೋಣ ಅಂತ ಬಾಯಿ ತೆರೆದೆ, ಪುಟ್ಟಿ ಪಕ್ಕದಲ್ಲಿದ್ದಳು, ಸುಮ್ಮನಾದೆ.

ಗೇಟು ಕಟ್ಟಿ ಓಡಿಸುವುದನ್ನು ಅವನು ಕಣ್ಣಾರೆ ನೋಡಿದ್ದಾನೆ, ಕೇರಳದ ಕೋಳಿಕ್ಕೋಡ್ ಕಡೆ. ಅಲ್ಲಿ ಮಳೆಗಾಲದಲ್ಲಿ ಮಲಬಾರ್ ರಿವರ್ ಫೆಸ್ಟಿವಲ್ ನಡೆಯುತ್ತದೆ, ಹೊರದೇಶದ ಹುಡುಗಿಯರೂ ಬಂದು ಕಯಾಕ್ ಓಡಿಸುತ್ತಾರೆ. "ನಮ್ಮಲ್ಲೂ ಮಾಡಬಹುದಲ್ವಾ?" ಅಂದೆ. ಅವನು ಹೊಳೆ ಕಡೆ ಕೈ ತೋರಿಸಿದ. "ಇವತ್ತು ಇಷ್ಟಿದೆ. ಫೆಬ್ರವರಿಗೆ ಬನ್ನಿ, ಚಪ್ಪಲಿ ಕೈಯಲ್ಲಿ ಹಿಡಿದು ದಾಟಬಹುದು. ಎರಡು ತಿಂಗಳು ಹೊಳೆ, ಹತ್ತು ತಿಂಗಳು ಕಲ್ಲು. ಯಾವಾಗ ಕಲಿಯೋದು?"

ಇದು ನನ್ನ ತಲೆಯಲ್ಲಿ ಉಳಿಯಿತು. ಒಲಿಂಪಿಕ್ಸ್ ನಡೆಸುವವರಿಗೂ ಇದೇ ತಲೆನೋವು, ಬಿಡಿಸಿಕೊಂಡ ದಾರಿ ಬೇರೆ. 1972ರಲ್ಲಿ ಮ್ಯೂನಿಕ್ ಹತ್ತಿರದ ಔಗ್ಸ್‌ಬುರ್ಗ್ ಊರಿನಲ್ಲಿ ಲೆಖ್ ನದಿಯಿಂದ ನೀರು ತಿರುಗಿಸಿ ಕಾಲುವೆ ಮಾಡಿದರು. 1996ರಲ್ಲಿ ಅಮೆರಿಕದ ಒಕೋಯಿ ನದಿಯಲ್ಲಿ ನಡೆಯಿತು. ಆ ಹೊಳೆಯ ನೀರೆಲ್ಲ ಕರೆಂಟ್ ಮಾಡಲು ಹೋಗಿ ಪಾತ್ರ ಒಣಗಿರುತ್ತದೆ, ಅಣೆಕಟ್ಟಿನಿಂದ ಬಿಟ್ಟಾಗ ಮಾತ್ರ ನೀರು. ನಮ್ಮ ಜೋಗದ ಕಥೆಯೇ ಅಂದುಕೊಳ್ಳಿ. ಈಗ ಸಿಡ್ನಿಯಲ್ಲಿ, ಪ್ಯಾರಿಸ್‌ನಲ್ಲಿ ಪಂಪು ಹಾಕಿ ಹೊಳೆಯನ್ನೇ ತಯಾರು ಮಾಡುತ್ತಾರೆ. ಜೆಸ್ಸಿಕಾ ಬೆಳೆದದ್ದು ಅಂಥ ಹೊಳೆಯಲ್ಲಿ. ಅವಳ ಅಮ್ಮ ಮಿರಿಯಮ್ 1996ರಲ್ಲಿ ಫ್ರಾನ್ಸ್ ಪರವಾಗಿ ಒಕೋಯಿಯಲ್ಲಿ ಕಂಚು ಗೆದ್ದವರು, ಪ್ಯಾರಿಸ್‌ನಲ್ಲಿ ಮಗಳಿಗೆ ಕೋಚ್. ಅಪ್ಪ ರಿಚರ್ಡ್ ಫಾಕ್ಸ್ ವಿಶ್ವ ಚಾಂಪಿಯನ್ ಆಗಿದ್ದವರು. ಹೊಳೆ ಮಾಡಿಕೊಳ್ಳಬಹುದು. ಮನೆಯಲ್ಲಿ ನೀರಿಗೆ ಇಳಿ ಅನ್ನುವವರು ಇರಬೇಕಲ್ಲ, ಅದಕ್ಕೆ ಪಂಪು ಇಲ್ಲ.

ವಾಪಸ್ ಬರುವಾಗ ಕೊಪ್ಪದ ಹೋಟೆಲಿನಲ್ಲಿ ಗಲಾಟೆ. ಮನು ಭಾಕರ್ ಶೂಟಿಂಗ್‌ನಲ್ಲಿ ಕಂಚು ಗೆದ್ದಿದ್ದಳು, ಪ್ಯಾರಿಸ್‌ನಲ್ಲಿ ನಮ್ಮ ದೇಶದ ಮೊದಲ ಪದಕ. ಒಲಿಂಪಿಕ್ಸ್ ಶೂಟಿಂಗ್‌ನಲ್ಲಿ ಪದಕ ತೆಗೆದುಕೊಂಡ ನಮ್ಮ ಮೊದಲ ಹೆಂಗಸು ಅವಳೇ. ಮಾಲೀಕರು ಖುಷಿಗೆ ಪುಟ್ಟಿಗೆ ಒಂದು ಮೈಸೂರ್ ಪಾಕ್ ಕೊಟ್ಟರು. ರಾಫ್ಟಿಂಗ್ ದುಃಖ ಅಲ್ಲಿಗೆ ಮುಗಿಯಿತು.

ರಾತ್ರಿ ಚಿಕ್ಕಪ್ಪನ ಮನೆಯಲ್ಲಿ ಕರೆಂಟ್ ಇಲ್ಲ, ಯುಪಿಎಸ್ ಸತ್ತಿದೆ. ಫೋನಿನಲ್ಲಿ 31 ಪರ್ಸೆಂಟ್ ಚಾರ್ಜ್. ನೆಟ್‌ವರ್ಕ್ ಸಿಗುವುದು ಅಟ್ಟದ ಮೇಲೆ, ಪೂರ್ವದ ಕಿಟಕಿ ಪಕ್ಕ ಮಾತ್ರ. ಅಡಿಕೆ ಚೀಲಗಳ ಮೇಲೆ ನಾನು, ಪುಟ್ಟಿ, ಚಿಕ್ಕಪ್ಪ. ಚಿಕ್ಕಮ್ಮ ಏಣಿ ಹತ್ತುವುದಿಲ್ಲ ಅಂತ ಕೆಳಗಿನಿಂದಲೇ "ಯಾರು ಗೆದ್ರೇ?" ಅಂತ ಕೂಗುತ್ತಿದ್ದರು, ಇನ್ನೂ ಶುರುವಾಗುವ ಮೊದಲೇ.

ಫೈನಲ್‌ಗೆ ಹನ್ನೆರಡು ಜನ. ಸೆಮಿಫೈನಲ್‌ನಲ್ಲಿ ಮುಂದಿದ್ದವರು ಕೊನೆಗೆ ಇಳಿಯುವುದು ಪದ್ಧತಿ. ಜೆಸ್ಸಿಕಾ ಸೆಮಿಫೈನಲ್‌ನಲ್ಲಿ ಹಿಂದೆ ಬಿದ್ದಿದ್ದಳು, ಹಾಗಾಗಿ ಬೇಗ ಇಳಿದಳು. ನನ್ನ ಎದೆ ಡವಡವ. ಪುಟ್ಟಿ ಬೆರಳು ಮಡಿಸಿ ಗೇಟು ಎಣಿಸುತ್ತಿದ್ದಳು. ಚಿಕ್ಕಪ್ಪ ಜೆಸ್ಸಿಕಾಳ ಕೈಯನ್ನಾಗಲಿ ಮುಖವನ್ನಾಗಲಿ ನೋಡಲಿಲ್ಲ, ದೋಣಿಯ ಮೂತಿಯನ್ನೇ ನೋಡುತ್ತಿದ್ದರು. ಒಂದು ಕೆಂಪು ಗೇಟು ಬಂತು. ಅವಳು ಸೆಳವಿನಿಂದ ಮೂತಿಯನ್ನು ಮಾತ್ರ ಆಚೆ ಹಾಕಿದಳು. ಹುಟ್ಟಿನ ಅಲಗನ್ನು ತಿರುಗುವ ನೀರಿನಲ್ಲಿ ನೆಟ್ಟಳು. ದೋಣಿ ಆ ಅಲಗಿನ ಸುತ್ತ ಗಿರ್ರನೆ ತಿರುಗಿ, ಮೇಲ್ಮುಖವಾಗಿ ಕೋಲುಗಳ ನಡುವೆ ನುಸುಳಿ, ಮತ್ತೆ ಸೆಳವಿಗೆ ಬಿತ್ತು. ಭುಜ ಹಿಂದಕ್ಕೆ ವಾಲಿ, ಕೋಲಿನಿಂದ ಒಂದು ಬೆರಳಿನಷ್ಟು ದೂರದಲ್ಲಿ ದಾಟಿತು.

"ಅಂಬಿಗನ ಮಗಳು" ಅಂದರು ಚಿಕ್ಕಪ್ಪ.

ಅಷ್ಟರಲ್ಲಿ ಪರದೆ ನಿಂತಿತು. ಗೋಲ ತಿರುಗುತ್ತಿದೆ, ಅವಳು ಅರ್ಧ ನೀರಿನಲ್ಲಿ ಹಾಗೇ ಇದ್ದಾಳೆ. ಪುಟ್ಟಿ ಫೋನನ್ನು ಕಿಟಕಿಯಿಂದ ಹೊರಗೆ ಮಳೆಗೆ ಚಾಚಿದಳು. ನಾನು ಕಿರುಚಿದೆ. ಮತ್ತೆ ಚಿತ್ರ ಬಂದಾಗ ಓಟ ಮುಗಿದಿತ್ತು. 96.08. ದಂಡ ಸೊನ್ನೆ. ಒಂದು ಕೋಲೂ ಮುಟ್ಟಿಲ್ಲ!

ಮುಗಿಯಿತು ಅಂದುಕೊಂಡರೆ ಇಲ್ಲ, ಇನ್ನೂ ಎಷ್ಟೋ ಜನ ಇಳಿಯುವುದಿತ್ತು. ಅವಳು ಕೆಳಗೆ ಕಾಯುತ್ತಾ ಕೂತಿದ್ದಳು, ನಾವು ಅಟ್ಟದಲ್ಲಿ. ಬ್ಯಾಟರಿ 12ಕ್ಕೆ ಇಳಿಯಿತು. ಟೋಕಿಯೋದಲ್ಲಿ ಚಿನ್ನ ಗೆದ್ದ ಫಂಕ್ ಈ ಸಲ ಗೇಟು ತಪ್ಪಿದಳು, ಐವತ್ತು ಸೆಕೆಂಡ್. ಮೂರು ವರ್ಷ ಅವಳ ಮೇಲೆ ಸುಮ್ಮನೆ ಸಿಟ್ಟು ಇಟ್ಟುಕೊಂಡಿದ್ದೆ, ಆ ಕ್ಷಣಕ್ಕೆ ಪಾಪ ಅನ್ನಿಸಿತು. ಕೊನೆಗೆ ಪೋಲೆಂಡಿನ ಕ್ಲಾಡಿಯಾ ಜ್ವೊಲಿನ್ಸ್ಕಾ 97.53ಕ್ಕೆ ಬೆಳ್ಳಿ, ಬ್ರಿಟನ್ನಿನ ಕಿಂಬರ್ಲಿ ವುಡ್ಸ್ 98.94ಕ್ಕೆ ಕಂಚು. ಜೆಸ್ಸಿಕಾಗೆ ಕಯಾಕ್‌ನಲ್ಲಿ 2012ರಲ್ಲಿ ಬೆಳ್ಳಿ, 2016ರಲ್ಲಿ ಕಂಚು, ಟೋಕಿಯೋದಲ್ಲಿ ಮತ್ತೆ ಕಂಚು. ನಾಲ್ಕನೇ ಸಲಕ್ಕೆ ಚಿನ್ನ.

ನಾನು ಅತ್ತೆ. ಪುಟ್ಟಿಗೆ ನಾಚಿಕೆಯಾಯಿತು. ಕೆಳಗಿನಿಂದ ಚಿಕ್ಕಮ್ಮ, "ಗೆದ್ಲಾ ಆ ಶೀತದ ಹುಡುಗಿ?"

ನಾಲ್ಕನೇ ದಿನ: ಸೋಮವಾರ

ಮಧ್ಯಾಹ್ನದ ಬಸ್ಸಿಗೆ ಹೊರಡುವುದು ಅಂತಾಗಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಪುಟ್ಟಿ ಇಲ್ಲ. ತೋಟದ ಅಂಚಿನ ಹಳ್ಳದಲ್ಲಿ ಮೊಣಕಾಲು ನೀರಿನಲ್ಲಿ ನಿಂತಿದ್ದಳು. ಕಾಲಿಗೆ ಮೂರು ಇಂಬಳ ಹತ್ತಿದ್ದೂ ಗೊತ್ತಿಲ್ಲ. ಚಿಕ್ಕಪ್ಪ ಕೊಪ್ಪೆ ಹಾಕಿಕೊಂಡು ದಡದಲ್ಲಿ ಅಡಿಕೆ ದಬ್ಬೆ ಸೀಳಿ ಕೊಡುತ್ತಿದ್ದರು. ಎರಡೆರಡು ದಬ್ಬೆ ನೆಟ್ಟು ಆರು ಗೇಟು ಮಾಡಿದ್ದರು. ನಾಲ್ಕಕ್ಕೆ ಕೆಸುವಿನ ಎಲೆಯ ಚೂರು, ಎರಡಕ್ಕೆ ಚಿಕ್ಕಮ್ಮನ ಕೆಂಪು ರವಿಕೆ ಬಟ್ಟೆಯ ಪಟ್ಟಿ. ದೋಣಿ ಅಂದರೆ ಅಡಿಕೆ ಹಾಳೆ, ಎರಡೂ ತುದಿ ಮಡಿಸಿ ಕಡ್ಡಿ ಚುಚ್ಚಿದ್ದು.

ಹಸಿರು ಗೇಟುಗಳನ್ನು ಹಾಳೆ ತಾನಾಗೇ ದಾಟುತ್ತಿತ್ತು. ಒಣಗಿದ ಎಲೆ, ಅಡಿಕೆ ಸಿಪ್ಪೆ, ಬಿದಿರಿನ ತುಂಡು ಏನು ಬಿಟ್ಟರೂ ದಾಟುತ್ತಿತ್ತು. ಕೆಂಪು ಗೇಟಿನ ಕಡೆ ಒಂದೂ ತಲೆ ಹಾಕಲಿಲ್ಲ. ಸೀದಾ ಕೆಳಗೆ ಹೋಗಿ ಬೇಲಿಗೆ ಸಿಕ್ಕಿಕೊಳ್ಳುತ್ತಿದ್ದವು.

"ಅಮ್ಮ, ಇದಕ್ಕೆ ಒಳಗೆ ಯಾರಾದ್ರೂ ಇರ್ಬೇಕು" ಅಂದಳು ಪುಟ್ಟಿ.

ಚಿಕ್ಕಪ್ಪ ಮಾತಾಡಲಿಲ್ಲ. ಕೆಂಪು ಗೇಟಿನ ಸ್ವಲ್ಪ ಮೇಲೆ ಒಂದು ದಪ್ಪ ಕಲ್ಲು ಉರುಳಿಸಿ ಇಟ್ಟರು. ಕಲ್ಲಿನ ಹಿಂದೆ ನೀರು ನಿಧಾನಕ್ಕೆ ತಿರುಗತೊಡಗಿತು. ಪುಟ್ಟಿ ಹಾಳೆಯ ಒಂದು ತುದಿಗೆ ಬೆಣಚುಕಲ್ಲು ಇಟ್ಟು ಮೂತಿ ಭಾರ ಮಾಡಿ ಬಿಟ್ಟಳು. ಆರು ಸಲ ಬೇಲಿಗೆ ಹೋಯಿತು. ಏಳನೇ ಸಲ ಮೂತಿ ಆ ತಿರುಗುವ ನೀರಿಗೆ ಸಿಕ್ಕಿತು. ಹಿಂಭಾಗವನ್ನು ಸೆಳವು ಎಳೆಯಿತು, ಹಾಳೆ ಒಂದು ಸುತ್ತು ತಿರುಗಿತು. ಆಮೇಲೆ ಯಾರೋ ಕರೆದ ಹಾಗೆ ಮೇಲ್ಮುಖವಾಗಿ, ಆತುರವೇ ಇಲ್ಲದೆ, ಕೆಂಪು ಪಟ್ಟಿಗಳ ಕಡೆ ಹೊರಟಿತು. ಮೂವರೂ ಉಸಿರು ಬಿಗಿಹಿಡಿದು ಬಗ್ಗಿದೆವು. ನಾನು ಯಾವಾಗ ನೀರಿಗೆ ಇಳಿದೆನೋ ನೆನಪಿಲ್ಲ, ಸೀರೆ ನೆರಿಗೆ ತೇಲುತ್ತಿತ್ತು.

ಹಾಳೆ ದಾಟಿತು. ದಾಟುವಾಗ ಬಾಲ ಎಡಗಡೆಯ ದಬ್ಬೆಗೆ ತಾಗಿತು.

"ಎರಡು ಸೆಕೆಂಡ್!" ಪುಟ್ಟಿ ಕೂಗಿದಳು.

"ತಾಗಿಲ್ಲ" ಅಂದರು ಚಿಕ್ಕಪ್ಪ.

"ತಾಗಿದೆ ತಾತ, ನಾನು ನೋಡ್ದೆ."

"ಗಾಳಿಗೆ ಅಲ್ಲಾಡಿದ್ದು ಅದು."

ಮಧ್ಯಾಹ್ನದ ಬಸ್ಸು ತಪ್ಪಿತು. ಸಂಜೆಯದ್ದಕ್ಕೆ ಹೋದೆವು.